ಅಣಕು ಹಂಚಿಕೆ

ದುರ್ಗಿಗುಡಿಯ ಸೈಬರ್ ಅಂಗಡಿಯಲ್ಲಿ ಮೂರು ಕುರ್ಚಿ,
ಎರಡಕ್ಕೆ ಬೆನ್ನಿಲ್ಲ.
ಬೆನ್ನಿದ್ದದ್ದರಲ್ಲಿ ಅಪ್ಪನನ್ನು ಕೂರಿಸಿ
ಸಾದಿಕ್ ಕೇಳಿದ, ಎಷ್ಟು ಬಂತು ಸಿಸ್ಟರ್?
ಮೆಲ್ಲಗೆ ಹೇಳಿದೆ. ಅವನು ಜೋರಾಗಿ ಓದಿದ:
ಇನ್ನೂರ ಎಂಬತ್ತೇಳು.
ಏಳುನೂರ ಇಪ್ಪತ್ತಕ್ಕೆ, ಅಂತ ಸೇರಿಸಿದ,
ಯಾರೂ ಕೇಳದಿದ್ದರೂ.

ಕ್ವಾಲಿಫೈಡ್ ಅಂತಿದೆಯಲ್ಲಪ್ಪಾ, ನೋಡು,
ಅಪ್ಪ ಬೆರಳಿಟ್ಟ.
ತಿಂಗಳಿಂದ ಆ ಒಂದು ಪದವನ್ನೇ ಸವರಿ ಸವರಿ
ಕಾಗದ ಅಲ್ಲಿ ತೆಳ್ಳಗಾಗಿದೆ.
ಅರ್ಹತೆ ಅಂದರೆ ಎಲೆ ಹಾಕುವುದು ಅಪ್ಪಾ,
ಬಡಿಸುವುದು ಬೇರೆ.

ಹೊರಗೆ ತುಂಗೆ ಏರುತ್ತಿದ್ದಳು.
ನಮ್ಮೂರಲ್ಲಿ ಹೊಳೆಯನ್ನು ಅಡಿಯಲ್ಲಿ ಅಳೆಯುವವರಿಲ್ಲ,
ಮಂಟಪ ಮುಳುಗಿತಾ, ಅಷ್ಟೇ ಪ್ರಶ್ನೆ.
ಹೋದ ವರ್ಷದ ಕಟ್‌ಆಫ್ ಇಳಿಸುತ್ತಾ ಇಳಿಸುತ್ತಾ
ನಮ್ಮ ಕೆಟಗರಿಯ ಕೊನೇ ಮೆಟ್ಟಿಲಿಗೆ ಬಂದು ಸಾದಿಕ್ ಸುಮ್ಮನಾದ.
ಮಂಟಪ ಎಂದೋ ಮುಳುಗಿತ್ತು.

ಮೊದಲನೇ ಆಯ್ಕೆ?
ನಮ್ಮ ಕಾಲೇಜು, ಅಂದ ಅಪ್ಪ, ತಡಮಾಡದೆ.
ನಮ್ಮ, ಅಂದರೆ ದೊಡ್ಡಾಸ್ಪತ್ರೆಯದು.
ಇಪ್ಪತ್ತೆರಡು ವರ್ಷದಿಂದ ಅಲ್ಲಿನ ಶವಾಗಾರದ ಕೀಲಿ
ಅಪ್ಪನ ಉಡಿದಾರದಲ್ಲಿದೆ.
ಹೊಸ ಡಾಕ್ಟರ ಕೈ ನಡುಗಿದಾಗ
ಹಿಂಗೆ ಸಾರ್, ಹಿಂಗೆ, ಅಂದವನು.
ಯಕೃತ್ತಿನ ತೂಕ
ತಕ್ಕಡಿಗಿಂತ ಮೊದಲೇ ಅವನ ಅಂಗೈಗೆ ಗೊತ್ತು.
ನಾನು ಬಾಯಿಪಾಠ ಮಾಡಿದ್ದನ್ನೆಲ್ಲ
ಅವನು ಹೊಲಿದಿದ್ದಾನೆ,
ಕತ್ತಿನಿಂದ ಹೊಕ್ಕುಳ ದಾಟಿ, ದಪ್ಪ ದಾರದಲ್ಲಿ,
ಆಮೇಲೆ ಮುಖ ಒರೆಸಿ, ತಲೆ ಬಾಚಿ,
ಮನೆಯವರು ನೋಡ್ತಾರೆ ಅಂತ.
ಮಿಳಘಟ್ಟಕ್ಕೆ ಬಂದು ಹಿತ್ತಲಲ್ಲೇ ಸ್ನಾನ.
ನನ್ನ ಪುಸ್ತಕ ಮುಟ್ಟುವ ಮುಂಚೆ
ಇನ್ನೊಮ್ಮೆ ಕೈ ತೊಳೆಯುತ್ತಾನೆ.

ಅವನಿಗೆ ಹೇಳದ್ದು ಒಂದಿದೆ.
ರಸಾಯನಶಾಸ್ತ್ರದಲ್ಲಿ ಊಹಿಸಿದೆ. ಊಹೆಗೂ ದಂಡವಿದೆ ಅಲ್ಲಿ,
ತಪ್ಪಿದರೆ ಒಂದೊಂದು ಕಡಿತ.
ಗೊತ್ತಿಲ್ಲ ಅಂತ ಬಿಟ್ಟಿದ್ದರೆ ಹದಿನೇಳು ಉಳಿಯುತ್ತಿತ್ತು.
ಹದಿನೇಳರಿಂದ ಏನೂ ಆಗುತ್ತಿರಲಿಲ್ಲ, ನಿಜ.
ಆದರೂ ಹದಿನೇಳು.

ನಾಲ್ಕು ದಿನಕ್ಕೆ ಬಂತು ಅಣಕು ಸೀಟು ಹಂಚಿಕೆ.
ಸರ್ಕಾರ ಇಟ್ಟ ಹೆಸರೇ ಅದು.
ಯಾವನೋ ಗುಮಾಸ್ತ ನಿಘಂಟು ತೆರೆದು
ಗೊತ್ತಿಲ್ಲದೆಯೇ ಸರಿಯಾದ ಪದ ಹೆಕ್ಕಿದ್ದಾನೆ.
ಪರದೆ ತೆರೆಯಿತು: ಯಾವ ಸೀಟೂ ಇಲ್ಲ.
ಇದು ಅಣಕು ತಾನೆ, ಅಪ್ಪ ಅಂದ,
ನಿಜದ್ದು ಬೇರೆ ಬರುತ್ತಲ್ಲ?
ಸಾದಿಕ್ ನನ್ನ ಮುಖ ನೋಡಿದ.
ನಾನು ಫ್ಯಾನು ನೋಡಿದೆ.

ನರ್ಸಿಂಗ್ ಹಾಕು, ಅಂದೆ. ಆಯುರ್ವೇದ ಹಾಕು.
ಲ್ಯಾಬಿನ ಕೋರ್ಸೂ ಹಾಕು, ಫಿಸಿಯೋಥೆರಪಿ ಇದ್ದರೆ ಅದೂ.
ಪಟ್ಟಿ ಪರದೆಯ ಕೆಳಗೆ ಇಳಿದು ಹೋಯಿತು.
ಒಂದನೇದು ತೆಗೀಲಾ ಸಿಸ್ಟರ್?
ಬೇಡ. ಇರಲಿ.

ಅಪ್ಪ ಒಂದು ಪ್ರಿಂಟು ಕೇಳಿದ.
ಮೇಲೆ ಬಿಂದುಶ್ರೀ ಎಚ್., ತಂದೆ ಹಾಲೇಶಪ್ಪ,
ಕೆಳಗೆ ಮೊದಲ ಸಾಲಲ್ಲಿ ಅವನ ಕಾಲೇಜು,
ಒಂದೇ ಹಾಳೆಯಲ್ಲಿ.
ಹತ್ತು ರೂಪಾಯಿ. ಸಾದಿಕ್ ತಗೊಂಡ.
ನಾಲ್ಕು ಮಡಿಕೆ ಮಾಡಿ ಖಾಕಿ ಜೇಬಿಗಿಟ್ಟು
ಅಪ್ಪ ರಾತ್ರಿ ಪಾಳಿಗೆ ಹೊರಟ.
ಹೊಸನಗರದ ಕಡೆಯಿಂದ ಒಂದು ಬರ್ತಿದೆಯಂತೆ, ನೀರಿನದು.
ಬೆಳಿಗ್ಗೆ ಹೊಸ ಹುಡುಗನೊಬ್ಬ ಗ್ಲೌಸು ತೊಟ್ಟು
ಯಾರಿಗೂ ಕೇಳಿಸದ ಹಾಗೆ ಕೇಳುತ್ತಾನೆ,
ಹಾಲೇಶಣ್ಣ, ಎಲ್ಲಿಂದ ಶುರು ಮಾಡ್ಲಿ?

ನಾನು ಮನೆದಾರಿ ಬಿಟ್ಟು ಸೇತುವೆಗೆ ಹೋದೆ.
ಕೆಂಪು ನೀರು. ಕಂಬಿಗೆ ಬಾಗಿದ ಜನ.
ಕತ್ತಲಲ್ಲಿ ಏನೋ ಕಪ್ಪಗೆ ಕಂಡಂತಾಯಿತು,
ಮಂಟಪದ ತುದಿಯೋ, ತೇಲಿಬಂದ ಮರದ ತುಂಡೋ.
ಸೈಕಲ್ಲಿಂದ ಇಳಿಯದೆ ಒಬ್ಬ ಮುದುಕ ಕೇಳಿದ,
ಮುಳುಗಿತಾ ಮಗಾ?
ಗೊತ್ತಿಲ್ಲ ಅಂದೆ.
ಊಹಿಸಲಿಲ್ಲ.